ಬೆರಳಿಗೆ ಕಟ್ಟಿದ ಹುಲ್ಲೆಳೆ

"ಇದನ್ನ ನಾನು ಯಾರ ಮುಂದೆ ಬಡಿಸಲಿ? ನೀವೇ ಹೇಳಿ ಮ್ಬಾಕ್!"

ತೇಗದೆಲೆಯ ಪೊಟ್ಟಣ ಕಿನಂತಿಯ ಮೂಗಿನ ತುದಿಗೇ ಬಂತು. ಬೇರೆ ಯಾರಾದರೂ ಆಗಿದ್ದರೆ ಮುಖ ತಿರುಗಿಸಿ ಹಿಂದೆ ಸರಿಯುತ್ತಿದ್ದರು. ಇವಳು ಇನ್ನೊಂದಿಷ್ಟು ಮುಂದೆ ಬಾಗಿ, ಕಣ್ಣು ಮುಚ್ಚಿ, ಆಳವಾಗಿ ಮೂಸಿದಳು.

"ಚೆನ್ನಾಗಿ ಮಾಗಿದೆ," ಎಂದಳು.

ಎದುರಿಗಿದ್ದವನ ಪಿತ್ತ ನೆತ್ತಿಗೇರಿತು.

ಅವನು ಜಾತ್ಮಿಕೊ. ನಮ್ಮಲ್ಲಿ ಮರ್ಯಾದೆಗೆ ಹೆಣ್ಣನ್ನು ಮ್ಬಾಕ್, ಗಂಡನ್ನು ಮಸ್, ಹಿರಿಯ ಹೆಂಗಸನ್ನು ಬು ಎಂದು ಕರೆಯುತ್ತಾರೆ. ಕೆದಿರಿ ಪೇಟೆಯಲ್ಲಿ ಅವನ ತಾಯಿ ಮದುವೆ ಮುಂಜಿಗೆಲ್ಲ ಅಡುಗೆ ಮಾಡಿಕೊಡುವವಳು. ಆ ಮಧ್ಯಾಹ್ನ ಒಂದು ಮನೆಯ ಪ್ರಾರ್ಥನೆಯ ಊಟ. ಅದಕ್ಕೆ ಬೇಕಾದ ತೆಂಪೆಯನ್ನು ಕಿನಂತಿಯ ತಾಯಿ ಬು ಲಸ್ಮಿಗೆ ಹೇಳಿದ್ದರು. ಬೇಯಿಸಿದ ಸೋಯಾ ಕಾಳಿಗೆ ಹೆಪ್ಪು ಹಾಕಿ, ಎಲೆಯಲ್ಲಿ ಮಡಿಸಿ, ಭತ್ತದ ಹುಲ್ಲಿನಿಂದ ಕಟ್ಟಿಟ್ಟರೆ ಬೆಳ್ಳಗೆ ಬೂಷ್ಟು ಹಿಡಿದು ಗಟ್ಟಿಯಾಗುತ್ತದೆ, ಅದೇ ತೆಂಪೆ. ಹೊತ್ತಿಗೆ ಸರಿಯಾಗಿ ಎತ್ತಿದರೆ ಹೂವಿನಂತಿರುತ್ತದೆ. ಹೊತ್ತು ಮೀರಿದರೆ ಕಪ್ಪಾಗಿ, ಘಾಟೆದ್ದು, ಇಡೀ ಓಣಿಗೆ ಸುದ್ದಿ ಮುಟ್ಟಿಸುತ್ತದೆ.

ಇದು ಓಣಿಗೆ ಸುದ್ದಿ ಮುಟ್ಟಿಸಿದ ತೆಂಪೆ.

ಬು ಲಸ್ಮಿ ಅಕ್ಕನ ಮನೆಗೆ ಹೋಗುವಾಗ ಮಗಳಿಗೆ ಹೇಳಿಹೋಗಿದ್ದು ಒಂದೇ ಕೆಲಸ. ನಿನ್ನೆ ಬೆಳಿಗ್ಗೆ ಪೊಟ್ಟಣಗಳನ್ನು ಗಾಳಿಗೆ ಎತ್ತಿಡಬೇಕಿತ್ತು, ಅಷ್ಟೇ. ಮಗಳು ನಿನ್ನೆ ಇಡೀ ದಿನ ಹಳೆಯ ಹೊಲಿಗೆ ಯಂತ್ರದ ಕಾಲುಮೆಟ್ಟಿಗೆ ಸರಪಳಿ ಬಿಗಿದು, ಕಾಳಿನ ಸಿಪ್ಪೆ ಸುಲಿಯುವ ಯಂತ್ರ ಮಾಡುತ್ತ ಕೂತಿದ್ದಳು. ಊಟ ಮಾಡಿರಲಿಲ್ಲ. ಹಾಗೆಂದು ಯಂತ್ರವೂ ಮುಗಿದಿರಲಿಲ್ಲ.

ಜಾತ್ಮಿಕೊ ಬೈಯಲು ಬಾಯಿ ತೆರೆದವನು ಅವಳ ಕೈ ನೋಡಿ ತಡೆದ. ಮೂರು ಬೆರಳಿಗೆ ಮೂರು ಹುಲ್ಲೆಳೆ.

"ಇದೇನು?"

"ಅರ್ಧ ಬಿಟ್ಟ ಕೆಲಸಕ್ಕೆ ಒಂದೊಂದು. ನೆನಪಾಗಲಿ ಅಂತ ಕಟ್ಕೋತೀನಿ."

"ತೆಂಪೆಗೆ ಕಟ್ಕೋಬೇಕಿತ್ತು."

ಅವಳು ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. "ಕಟ್ಟಿದ್ದೆ ಮಸ್. ಯಾವುದಕ್ಕೆ ಕಟ್ಟಿದ್ದು ಅನ್ನೋದು ಮರೆತೋಯ್ತು."

ಅವನಿಗೆ ನಗು ಬಂದುಬಿಟ್ಟಿತು. ಬರಬಾರದಿತ್ತು. ಆ ನಗು ಅವನ ಬದುಕಿನಲ್ಲಿ ಏನೇನು ಮಾಡಿಹಾಕಿತು ಎಂಬುದನ್ನು ಬಲ್ಲ ನನಗೆ, ಅವತ್ತು ಅವನು ಬೈದು ಹೋಗಿದ್ದರೇ ಒಳ್ಳೆಯದಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಅವಳು ಆಗಲೇ ಒಲೆ ಹೊತ್ತಿಸಿದ್ದಳು. ಮಾಗಿದ ತೆಂಪೆಯನ್ನು ಬೇಯಿಸಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಕಚ್ಚೂರದ ಜೊತೆ ಅರೆದು, ತೆಂಗಿನ ಹಾಲಿನಲ್ಲಿ ಕುದಿಸಿದರೆ ತುಂಪಾಂಗ್ ಎಂಬ ಗಟ್ಟಿ ಸಾರು. ಕೆದಿರಿಯ ಮಕ್ಕಳಿಗೂ ಗೊತ್ತಿರುವ ಅಡುಗೆ. ಜಾತ್ಮಿಕೊ ಬೆರಗಾಗಿದ್ದು ಅದಕ್ಕಲ್ಲ. ಸೌಟು ತಿರುಗಿಸುತ್ತಲೇ ಅವಳು ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದಳು. ತುಂಪಾಂಗ್ ಎಲ್ಲರಿಗೂ ಬೇಕು, ಆದರೆ ಮಾಗಿದ ತೆಂಪೆಯನ್ನು ಯಾರೂ ಮಾರುವುದಿಲ್ಲ. ಎಲ್ಲರೂ ಅದು ಮನೆಯಲ್ಲಿ ಹಳಸಲಿ ಎಂದು ಕಾಯುತ್ತಾರೆ. ಜಕಾರ್ತಾಕ್ಕೆ ಹೋದವರು ಎಲ್ಲಿ ಕಾಯಬೇಕು? ಬೇಕೆಂದೇ ಮಾಗಿಸಿ, ಒಣಗಿಸಿ, ಬೆಲ್ಲದಚ್ಚಿನಂತೆ ಅಚ್ಚು ಹಾಕಿದರೆ? ಬಿಸಿನೀರಿಗೆ ಹಾಕಿದರೆ ಸಾರು! ಅಷ್ಟರಲ್ಲಿ ಸಿಪ್ಪೆ ಯಂತ್ರ ನೆನಪಾಯಿತು, ಅದರಿಂದ ಪಕ್ಕದ ಮನೆಯ ಕೋಳಿ, ಅಲ್ಲಿಂದ ಮತ್ತೆ ಅಚ್ಚು.

ಜಾತ್ಮಿಕೊಗೆ ಕೋಪ ಯಾವಾಗ ಇಳಿಯಿತೋ ತಿಳಿಯಲೇ ಇಲ್ಲ. ಆ ದಿನದ ಊಟಕ್ಕೆ ಕರಿದ ತೆಂಪೆಯ ಬದಲು ತುಂಪಾಂಗ್ ಹೋಯಿತು. ಸಂಜೆ ಪಾತ್ರೆ ವಾಪಸು ಕೊಡಲು ಬಂದ. ಕೊಟ್ಟ ಮೇಲೂ ಹೋಗಲಿಲ್ಲ.

---

ಆಮೇಲೆ ನಡೆದದ್ದನ್ನು ಕೆದಿರಿಯವರೆಲ್ಲ ನೋಡಿದ್ದಾರೆ. ಕಿನಂತಿಯ ಮನೆಯ ಶೆಡ್ಡಿನಲ್ಲಿ ಇಬ್ಬರೂ ಸೇರಿ ತುಂಪಾಂಗ್ ಅಚ್ಚು ಮಾಡತೊಡಗಿದರು.

ಅವಳು ಶುರು ಮಾಡುವವಳು, ಅವನು ಮುಗಿಸುವವನು. ಒಣಗಿಸುವಾಗ ಬರುವ ಘಾಟಿಗೆ ಏನು ಮಾಡುವುದೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ತಟ್ಟೆಯ ಮೇಲೆ ಗಾಳಿಗೆ ಉದುರಿದ ಒಂದು ನಿಂಬೆ ಎಲೆಯ ಸುತ್ತ ಮಾತ್ರ ಘಾಟಿಲ್ಲದ್ದನ್ನು ಕಂಡುಹಿಡಿದದ್ದು ಅವಳ ಮೂಗು. ಊಟ, ಸ್ನಾನ, ನಿದ್ದೆ ಬಿಟ್ಟು ಅದರ ಹಿಂದೆ ಬಿದ್ದಳು. ಹತ್ತು ಜನ ಕೂತು ಲೆಕ್ಕ ಹಾಕಿದರೂ ಸಿಗದಿದ್ದದ್ದು ಅವಳಿಗೆ ಅಂಗಳ ದಾಟುವಾಗ ಸಿಗುತ್ತಿತ್ತು. ಪರವಾನಗಿ, ಹಲಾಲ್ ಪತ್ರ, ಅಂಗಡಿಗಳಿಗೆ ಸಾಗಣೆ, ಇದೆಲ್ಲ ಅವನದು.

ಸಂಜೆ ಕೆಲಸ ಮುಗಿದ ಮೇಲೆ ಅವಳು ಎರಡೂ ಕೈ ಚಾಚಿ ಕೂರುತ್ತಿದ್ದಳು. ಅವನು ಒಂದೊಂದೇ ಹುಲ್ಲೆಳೆ ಬಿಚ್ಚುತ್ತಿದ್ದ. ಇದು ಯಾವುದಕ್ಕೆ? ಕಾಳು ನೆನೆಹಾಕಿದ್ದಕ್ಕೆ. ಇದು? ಅಂಗಡಿಯವನಿಗೆ ಫೋನ್ ಮಾಡುವುದಕ್ಕೆ. ಇದು? ಅವಳು ಪೆಚ್ಚಾಗಿ ನೋಡುತ್ತಿದ್ದಳು. ಆಗ ಇಬ್ಬರೂ ಎದ್ದು, ಶೆಡ್ಡಿನ ತುಂಬ ತಿರುಗಿ, ಅರ್ಧ ಬಿಟ್ಟ ಕೆಲಸ ಎಲ್ಲಿದೆ ಎಂದು ಹುಡುಕುತ್ತಿದ್ದರು. ಸಿಗುವವರೆಗೂ ಬಿಡುತ್ತಿರಲಿಲ್ಲ. ಪ್ರೀತಿ ಅಂದರೆ ಗುಲಾಬಿ ಹೂವು ಎಂದುಕೊಂಡವರಿಗೆ ಇದು ಅರ್ಥವಾಗದು ಬಿಡಿ.

ಒಂದು ಸಂಜೆ ಉಂಗುರದ ಬೆರಳಿನಲ್ಲಿ ಒಂದು ಎಳೆ ಉಳಿಯಿತು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎಲ್ಲ ಮೂಲೆ ಹುಡುಕಿದರೂ ಸಿಗಲಿಲ್ಲ. ಅವಳು ಅಳುವ ಹಾಗಾದಳು.

"ಅದು ನೀನು ಕಟ್ಟಿದ್ದಲ್ಲ," ಎಂದ ಅವನು, ನೆಲ ನೋಡುತ್ತ. "ಮಧ್ಯಾಹ್ನ ತೂಕಡಿಸ್ತಿದ್ದೆಯಲ್ಲ, ಆಗ ನಾನು ಕಟ್ಟಿದ್ದು. ನನ್ನನ್ನ ಮದುವೆ ಆಗೋದು ನೆನಪಿರಲಿ ಅಂತ... ದಿಕ್."

ಮ್ಬಾಕ್ ಎಂದು ದೂರದಿಂದ ಕರೆಯುತ್ತಿದ್ದವನು ಮೊದಲ ಸಲ ದಿಕ್ ಎಂದಿದ್ದ. ನಮ್ಮಲ್ಲಿ ಗಂಡಸು ಹಾಗೆ ಕರೆದರೆ ಇನ್ನೇನೂ ಬಿಡಿಸಿ ಹೇಳಬೇಕಾಗಿಲ್ಲ. ಬು ಲಸ್ಮಿ ಒಳಗಿನಿಂದ, ಆ ಎಳೆ ಮಾತ್ರ ಬಿಚ್ಚಬೇಡ ಎಂದು ಕೂಗಿ ಹೇಳಿದಳು.

---

ಜಕಾರ್ತಾದಿಂದ ಬು ಹೆರ್ಲಿನಾ ಎಂಬ ಹೂಡಿಕೆದಾರೆ ಬಂದಳು. ಅಚ್ಚಿನ ಕೆಲಸ ಶೆಡ್ಡಿನಿಂದ ಊರಾಚೆಯ ಕಾರ್ಖಾನೆಗೆ ಹೋಯಿತು. ಕಾಳು ಬೇಯಿಸಲು ಹಬೆಯ ದೊಡ್ಡ ಡ್ರಮ್ಮುಗಳು ಬಂದವು. ಮಾಗಿದ ಹದವನ್ನು ಮುಟ್ಟಿ ಹೇಳಲು ಬು ಲಸ್ಮಿಯ ಬಲಗೈಯೇ ಬೇಕಿತ್ತು, ಹಾಗಾಗಿ ಅವಳೂ ಅಲ್ಲೇ.

ಕಿನಂತಿಯ ಓಡಾಟ ನೋಡಿದ ಬು ಹೆರ್ಲಿನಾ ಅವಳನ್ನು ಸುರಬಾಯಾದ ಮನೋವೈದ್ಯರ ಬಳಿ ಕಳಿಸಿದಳು. ಅವರು ಸಮಾಧಾನವಾಗಿ ಎಲ್ಲ ಕೇಳಿ, ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಗಮನ ಒಂದೆಡೆ ನಿಲ್ಲದ ಸ್ಥಿತಿ, ಇದು ಸೋಮಾರಿತನವಲ್ಲ, ಕೊಬ್ಬೂ ಅಲ್ಲ ಎಂದರು. ಕಿನಂತಿ ಆ ಕುರ್ಚಿಯಲ್ಲೇ ಅತ್ತುಬಿಟ್ಟಳು. ಶಾಲೆಯ ಬೆಂಚಿನ ಮೇಲೆ ನಿಂತ ದಿನಗಳೆಲ್ಲ ನೆನಪಾದವು. ಮನೆಯಲ್ಲಿ ಏನು ಒಡೆದರೂ, ಏನು ಸೀದರೂ ಮೊದಲು ಕೇಳಿಬರುತ್ತಿದ್ದದ್ದು ಅವಳ ಹೆಸರು. ನೀವು ಕೆಟ್ಟವರಲ್ಲ ಎಂದು ಅವಳಿಗೆ ಹೇಳಿದ ಮೊದಲ ಮನುಷ್ಯ ಆ ವೈದ್ಯರು.

ನಿಮ್ಮ ಮನಸ್ಸು ಬೇರೆಯವರಿಗೆ ಕಾಣದ ಬಾಗಿಲುಗಳನ್ನು ತೆರೆಯುತ್ತದೆ ಎಂದರು ವೈದ್ಯರು. ಆದರೆ ಮುಚ್ಚಲು ಹಿಂದೆ ಬರುವುದಿಲ್ಲ, ಅದಕ್ಕೊಂದು ವ್ಯವಸ್ಥೆ ನೀವೇ ಮಾಡಿಕೊಳ್ಳಬೇಕು ಎಂದೂ ಅಂದರು.

ಮೊದಲ ಅರ್ಧವನ್ನು ಬು ಹೆರ್ಲಿನಾ ಪೋಸ್ಟರ್ ಮಾಡಿಸಿದಳು. 'ಚಂಚಲ ಮನಸ್ಸೇ ನನ್ನ ಬಂಡವಾಳ'. ಕೆಳಗೆ ನಗುವ ಕಿನಂತಿ. ಉಳಿದರ್ಧ ಯಾರಿಗೂ ಬೇಕಾಗಲಿಲ್ಲ.

ಮದುವೆಗೆ ಇನ್ನೇನು ದಿನ ಗೊತ್ತು ಮಾಡಬೇಕು, ಅಷ್ಟರಲ್ಲಿ ಅದು ನಡೆಯಿತು.

ಮಧ್ಯಾಹ್ನದ ಬಿಡುವು. ಆ ಹೊತ್ತಿನಲ್ಲಿ ಹಬೆ ನಿಲ್ಲಿಸಿರುತ್ತಾರೆ, ಆಮೇಲೆ ಡ್ರಮ್ಮಿನ ಮುಚ್ಚಳ ತೆಗೆದು ಕಾಳು ಎತ್ತುತ್ತಾರೆ. ಬು ಲಸ್ಮಿ ದಿನವೂ ಮಾಡುವಂತೆ ಮುಚ್ಚಳ ಎತ್ತಿದಳು. ಹಬೆಯ ವಾಲ್ವು ತೆರೆದೇ ಇತ್ತು.

ಹಿಂದಿನ ಕೋಣೆಯಲ್ಲಿ ಹೊಸ ಅಚ್ಚಿನ ಚಿತ್ರ ಬರೆಯುತ್ತಿದ್ದ ಕಿನಂತಿ ಆ ಕೂಗು ಕೇಳಿ ಓಡಿಬಂದಳು. ಜಾತ್ಮಿಕೊ ಆಗಲೇ ವಾಲ್ವು ಮುಚ್ಚಿ, ಬು ಲಸ್ಮಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದಿದ್ದ. ಆ ಕೈಯ ಬಣ್ಣ ನೋಡಿದ ಕಿನಂತಿ ಕಿರುಚಿದಳು.

"ಯಾರು ಬಿಟ್ಟಿದ್ದು ವಾಲ್ವನ್ನ?"

ಜಾತ್ಮಿಕೊ ಬು ಲಸ್ಮಿಯ ಮುಖ ನೋಡಿದ. ಬು ಲಸ್ಮಿ ಅವನ ಮುಖ ನೋಡಿದಳು.

"ನಾನು," ಎಂದ ಅವನು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕಿನಂತಿ ಅವನಿಗೆ ಅಂದದ್ದನ್ನು ಪೂರ್ತಿ ಬರೆಯಲು ನನಗೆ ಮನಸ್ಸಿಲ್ಲ. ಎಡಗೈ ಬೆರಳು ಅವನ ಮುಖಕ್ಕೆ ಚಾಚಿ, ಹುಟ್ಟಿದಾಗಿನಿಂದ ಮರೆಗುಳಿ ಅನ್ನಿಸಿಕೊಂಡವಳು ನಾನು, ಆದರೆ ನನ್ನಿಂದ ಯಾರ ಕೈಯೂ ಸುಟ್ಟಿಲ್ಲ ಎಂದಳು. ಎಲ್ಲ ಮುಗಿಸುವವನು ಎಂಬ ಜಂಬ ಇತ್ತಲ್ಲ, ಎಲ್ಲಿ ಹೋಯಿತು ಎಂದಳು. ಅವನು ಅವಳ ಮುಖ ನೋಡಲಿಲ್ಲ. ಅವಳ ಬೆರಳನ್ನೇ ನೋಡುತ್ತ ನಿಂತಿದ್ದ. ಮುಖ ನೋಡುವ ಯೋಗ್ಯತೆ ಇಲ್ಲ ಎಂದುಕೊಂಡಳು ಕಿನಂತಿ. ಮರುದಿನ ಬೆಳಿಗ್ಗೆ ಮದುವೆ ಬೇಡ ಎಂದು ಹೇಳಿ ಕಳಿಸಿದಳು.

ಬು ಹೆರ್ಲಿನಾ ಅವನನ್ನು ಕಾರ್ಖಾನೆಯಿಂದ ತೆಗೆದಳು. ಹೋಗುವಾಗ ಅವನು ಹೊಸ ಮ್ಯಾನೇಜರಿಗೆ ಒಂದೇ ಮಾತು ಹೇಳಿಹೋದನಂತೆ, ಕಿನಂತಿಯನ್ನು ಹಬೆಯ ಹತ್ತಿರ ಒಬ್ಬಳೇ ಬಿಡಬೇಡಿ ಎಂದು. ವಾರದೊಳಗೆ ಡ್ರಮ್ಮಿನ ಕೋಣೆಯ ಮುಂದೆ ನೆಲಕ್ಕೆ ಕೆಂಪು ಬಣ್ಣದ ಗೀಟು ಬಿತ್ತು. ಆ ಗೀಟು ದಾಟುವವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ತಪ್ಪು ಮಾಡಿದವನು ಅವನು... ಗೀಟು ನನಗೆ! ಎಷ್ಟು ನೀಚ!

ಕಿನಂತಿಯ ಎದೆಯಲ್ಲಿ ಉಳಿದಿದ್ದ ಚೂರುಪಾರು ಪ್ರೀತಿಯೂ ಅಲ್ಲಿಗೆ ಕಹಿಯಾಯಿತು.

---

ಎರಡು ವರ್ಷ ಅವಳು ವೇದಿಕೆಯಿಂದ ವೇದಿಕೆಗೆ ತಿರುಗಿದಳು. ಸುರಬಾಯಾ, ಮಲಾಂಗ್, ಜಕಾರ್ತಾ. ಮರೆವಿನಿಂದ ಉದ್ಯಮ ಕಟ್ಟಿದ ಹುಡುಗಿ! ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆ ಎರಡು ವರ್ಷದಲ್ಲಿ ಅವಳ ತಲೆಗೆ ಹೊಸದೊಂದೂ ಹೊಳೆದಿರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಮನೆಗೆ ಬರುತ್ತಿದ್ದದ್ದು ಉಪವಾಸದ ತಿಂಗಳು ಮುಗಿದು ಲೆಬಾರಾನ್ ಹಬ್ಬ ಬಂದಾಗ. ಎಲ್ಲ ಮಕ್ಕಳೂ ಮಾಡುವಂತೆ ತಾಯಿಯ ಮೊಣಕಾಲಿಗೆ ಹಣೆ ಹಚ್ಚಿ, ಕಂಡದ್ದು ಕಾಣದ್ದು ಎಲ್ಲ ತಪ್ಪನ್ನೂ ಮನ್ನಿಸು ಎನ್ನುತ್ತಿದ್ದಳು. ಬು ಲಸ್ಮಿ ಬಿಡಿಸಲಾಗದ ಬೆರಳುಗಳ ಕೈಯನ್ನು ಅವಳ ತಲೆಯ ಮೇಲಿಟ್ಟು, ಮನ್ನಿಸಿದ್ದೇನೆ ಎನ್ನುತ್ತಿದ್ದಳು. ಹೆಸರು ಹೇಳದೆ ಕೇಳುವುದು, ಹೆಸರು ಹೇಳದೆ ಮನ್ನಿಸುವುದು ನಮ್ಮ ಪದ್ಧತಿ. ಅದರಲ್ಲಿ ಎಷ್ಟು ಅನುಕೂಲವಿದೆಯೋ ಅಷ್ಟೇ ಅಪಾಯವೂ ಇದೆ.

ಮನೆಯ ತೆಂಪೆ ಕೆಲಸ ನಿಂತಿರಲಿಲ್ಲ. ಎಲೆ ಕಟ್ಟಲು ಒಬ್ಬರು ಬರುತ್ತಾರೆ ಎಂದಷ್ಟೇ ತಾಯಿ ಹೇಳಿದ್ದಳು.

ಆಮೇಲೆ ಕೆದಿರಿಯಲ್ಲೇ ಒಂದು ಸಭೆ ಬಂತು, ಕಾಲೇಜಿನ ಸಭಾಂಗಣದಲ್ಲಿ. ಬು ಲಸ್ಮಿ ಮೊದಲ ಸಲ ಮಗಳ ಮಾತು ಕೇಳಲು ಬಂದು ಮುಂದಿನ ಸಾಲಿನಲ್ಲಿ ಕೂತಳು.

ಕಿನಂತಿ ಮಾಮೂಲಿನಂತೆ ಶುರು ಮಾಡಿದಳು. ಹಳಸಿದ ತೆಂಪೆ, ಕೋಪದ ಗಿರಾಕಿ, ನಗು. ನಿಂಬೆ ಎಲೆ, ಚಪ್ಪಾಳೆ. ಆಮೇಲೆ ಹುಲ್ಲೆಳೆಯ ತಮಾಷೆ. ಎಲ್ಲ ಊರಿನಲ್ಲೂ ನಡೆದ ತಮಾಷೆ ಅದು.

"ಒಂದೊಂದ್ಸಲ ಏನಾಗುತ್ತೆ ಗೊತ್ತಾ? ಸಂಜೆ ನೋಡ್ಕೋತೀನಿ, ಬೆರಳಲ್ಲಿ ಹುಲ್ಲಿದೆ. ಯಾಕೆ? ಗೊತ್ತಿಲ್ಲ! ಒಂದು ದಿನವಂತೂ ಹಲ್ಲಲ್ಲಿ ಕಚ್ಚಿ ಕಿತ್ತು ಕಸದ ಬುಟ್ಟಿಗೆ ಹಾಕ್ದೆ."

ಸಭೆ ಹೊಟ್ಟೆ ಹಿಡಿದು ನಕ್ಕಿತು. ಬು ಲಸ್ಮಿಯೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಬಲಗೈ ಅರಳುವುದಿಲ್ಲವಲ್ಲ, ಎಡ ಅಂಗೈಯಿಂದ ಬಲ ಮಣಿಕಟ್ಟಿಗೆ ತಟ್ಟುತ್ತಿದ್ದಳು.

ಕಿನಂತಿಯ ಕಣ್ಣು ಆ ಕೈ ಮೇಲೆ ಬಿತ್ತು.

ಆ ಕಸದ ಬುಟ್ಟಿ ಎಲ್ಲಿತ್ತು?

ಬಿಳಿ ಬುಟ್ಟಿ. ಪಕ್ಕದಲ್ಲಿ ಹತ್ತಿ, ಬ್ಯಾಂಡೇಜಿನ ಚೂರು. ಆಸ್ಪತ್ರೆಯದು... ಮೊಗಸಾಲೆ... ಜಾತ್ಮಿಕೊ ಆಗಷ್ಟೇ ಹೋಗಿದ್ದ. ಎಡಗೈಯ ಬೆರಳಿನಲ್ಲಿ ಒದ್ದೆ ಹುಲ್ಲೆಳೆ ಇತ್ತು. ಅವನ ಮುಖಕ್ಕೆ ಚಾಚಿದ್ದ ಅದೇ ಬೆರಳು. ಅವನು ಕಣ್ಣು ಕದಲಿಸದೆ ನೋಡಿದ್ದು ಅದನ್ನು!

ಆಮೇಲೆ ಉಳಿದದ್ದೂ ಬಂತು, ಬೇಡ ಬೇಡ ಎಂದರೂ ಬಂತು. ಆ ಮಧ್ಯಾಹ್ನ ಹಬೆಯಲ್ಲಿ ತೇಗದೆಲೆ ಮೆತ್ತಗಾಗುತ್ತದೆಯೇ ನೋಡೋಣ ಎಂದು ಹೋಗಿದ್ದು. ವಾಲ್ವು ತಿರುಗಿಸಿದ್ದು. ಮುಚ್ಚುವುದು ನೆನಪಿರಲಿ ಎಂದು ಎಳೆ ಕಟ್ಟಿಕೊಂಡದ್ದು. ಇನ್ನಷ್ಟು ಎಲೆ ತರಲು ಹೊರಟಾಗ ದಾರಿಯಲ್ಲಿ ಹೊಸ ಅಚ್ಚಿನ ಯೋಚನೆ ಹೊಳೆದದ್ದು.

ಮೈಕಿನ ಮುಂದೆ ಅವಳ ಬಾಯಿ ತೆರೆದೇ ಇತ್ತು. ಜನ ಇದೂ ತಮಾಷೆಯ ಭಾಗ ಎಂದುಕೊಂಡು ಇನ್ನೊಂದಿಷ್ಟು ನಕ್ಕರು.

ಅವಳು ಮೈಕು ಕೆಳಗಿಟ್ಟು ವೇದಿಕೆ ಇಳಿದಳು.

---

ಸಭಾಂಗಣದ ಹಿಂದಿನ ಮೆಟ್ಟಿಲ ಮೇಲೆ ತಾಯಿ ಮಗಳು.

"ನಿನಗೆ ಗೊತ್ತಿತ್ತಾ ಅಮ್ಮ?"

ಬು ಲಸ್ಮಿ ತಲೆವಸ್ತ್ರದ ತುದಿ ಸರಿಮಾಡಿಕೊಂಡಳು. "ಗೊತ್ತಿತ್ತು. ನೀನು ಡ್ರಮ್ಮಿನ ಹತ್ರದಿಂದ ಹೋಗಿದ್ದನ್ನ ನೋಡಿದ್ದೆ. ಮುಚ್ಚಿರ್ತೀಯ ಅಂದ್ಕೊಂಡೆ."

"ಸುಳ್ಳು ಹೇಳು ಅಂತ ಅವರಿಗೆ ನೀನು ಹೇಳಿದ್ಯಾ?"

"ಬಾಯಲ್ಲಿ ಹೇಳಲಿಲ್ಲ. ಕಣ್ಣಲ್ಲಿ ಬೇಡಿಕೊಂಡೆ. ಅವನಿಗೆ ಅರ್ಥ ಆಯ್ತು." ಬು ಲಸ್ಮಿ ತನ್ನ ಬಲಗೈ ನೋಡಿಕೊಂಡಳು. "ಚಿಕ್ಕಂದಿನಿಂದ ಈ ಮನೇಲಿ ಏನು ಕೆಟ್ಟರೂ ನಿನ್ನ ಹೆಸರೇ ಕೂಗಿದ್ದು. ಕೂಗಿದವಳು ನಾನೇ. ಇದೊಂದಾದ್ರೂ ನಿನ್ನ ತಲೆ ಮೇಲೆ ಬೀಳೋದು ಬೇಡ ಅನ್ನಿಸ್ತು ಮಗಾ."

"ಎರಡು ಲೆಬಾರಾನ್‌ನಲ್ಲೂ ನಿನ್ನ ಮೊಣಕಾಲಿಗೆ ಹಣೆ ಹಚ್ಚಿದೀನಿ. ಏನು ತಪ್ಪು ಮಾಡಿದೀನಿ ಅಂತ ಗೊತ್ತಿಲ್ಲದೆ."

"ನಾನು ಗೊತ್ತಿದ್ದೇ ಮನ್ನಿಸಿದೀನಿ."

"ಅದು ಮನ್ನಿಸಿದ್ದಲ್ಲಮ್ಮ," ಎಂದಳು ಕಿನಂತಿ. ಅಳು ಬರುತ್ತಿರಲಿಲ್ಲ, ಬಾಯೆಲ್ಲ ಕಹಿಯಾಗಿತ್ತು. "ನನ್ನಿಂದ ಮುಚ್ಚಿಟ್ಟಿದ್ದು. ನನಗೆ ತಡ್ಕೊಳೋ ಶಕ್ತಿ ಇಲ್ಲ ಅಂತ ನೀವಿಬ್ಬರೇ ತೀರ್ಮಾನ ಮಾಡಿದ್ದು."

ಅವಳು ಮೆಟ್ಟಿಲ ಮೇಲೆಯೇ ಕೂತು, ಆ ಸುಟ್ಟ ಕೈಯನ್ನು ಎಳೆದು ಹಣೆಗೆ ಒತ್ತಿಕೊಂಡಳು. ಈ ಸಲ ಹೆಸರು ಹೇಳಿ ಕೇಳಿದಳು. ವಾಲ್ವು ತೆರೆದವಳು ನಾನು, ಮರೆತವಳು ನಾನು, ನಿನ್ನ ಕೈ ಹೋದದ್ದು ನನ್ನಿಂದ. ಬು ಲಸ್ಮಿ ಅವಳ ಪಕ್ಕ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ತನ್ನ ಕೈಗಾಗಿ ಅತ್ತಳು. ನೋವಾಗುತ್ತೆ ಮಗಾ, ಈಗಲೂ ಚಳಿಗಾಳಿಗೆ ನೋವಾಗುತ್ತೆ ಎಂದಳು. ಮಗಳಿಗೆ ಇಷ್ಟು ದಿನ ಅದನ್ನೂ ಹೇಳಿರಲಿಲ್ಲ.

ಬು ಹೆರ್ಲಿನಾಳ ಫೋನು ಬಡಿದುಕೊಳ್ಳುತ್ತಿತ್ತು. ಮಧ್ಯದಲ್ಲೇ ಇಳಿದುಹೋದರೆ ಹೇಗೆ ಎಂದಳು. ಕಿನಂತಿ ತಣ್ಣಗೆ, ಆ ದಿನ ಹಬೆ ಬಿಟ್ಟವಳು ನಾನು, ಜಾತ್ಮಿಕೊ ಅಲ್ಲ, ಬೇಕಿದ್ದರೆ ಇದನ್ನೂ ಪೋಸ್ಟರ್ ಮಾಡಿಸಿ ಎಂದಳು.

"ಎಲೆ ಕಟ್ಟೋಕೆ ಬರೋರು ಯಾರಮ್ಮ?" ಎಂದು ಕೇಳಿದಳು ಫೋನು ಇಟ್ಟು.

ಬು ಲಸ್ಮಿ ಬೇರೆ ಕಡೆ ನೋಡುತ್ತ, ಮನೆಗೆ ಹೋಗಿ ನೋಡು, ನಾನು ನಿಧಾನಕ್ಕೆ ಬರ್ತೀನಿ ಎಂದಳು.

---

ಶೆಡ್ಡಿನ ಬಾಗಿಲಿಗೆ ಬೆನ್ನು ಮಾಡಿ ಕೂತು ಜಾತ್ಮಿಕೊ ಎಲೆ ಮಡಿಸುತ್ತಿದ್ದ. ಒಲೆಯ ಮೇಲೆ ಕಾಳು ಕುದಿಯುತ್ತಿತ್ತು. ಬೆಳಿಗ್ಗೆ ತಾಯಿಯ ಅಡುಗೆ ಕೆಲಸ, ಆಮೇಲೆ ಇಲ್ಲಿಗೆ. ಹಬ್ಬದ ದಿನಗಳಲ್ಲಿ ಮಾತ್ರ ಈ ಓಣಿಗೆ ಕಾಲಿಡುತ್ತಿರಲಿಲ್ಲ.

ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿದ. ಕೈಯಲ್ಲಿದ್ದ ಎಲೆ ಬಿತ್ತು.

"ಮ್ಬಾಕ್," ಎಂದ.

ಆ ಒಂದು ಪದ ಅವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

"ನನ್ನ ಬೆರಳು ನೋಡಿದಾಗಲೇ ನಿಮಗೆ ಗೊತ್ತಾಗಿತ್ತು, ಅಲ್ವಾ ಮಸ್?"

ಅವನು ಎಲೆ ಎತ್ತಿಕೊಂಡ. ಆಮೇಲೆ, "ಅದಕ್ಕೂ ಮೊದಲೇ. ವಾಲ್ವಿನ ಹತ್ರ ತೇಗದೆಲೆ ಬಿದ್ದಿತ್ತು," ಎಂದ.

"ಯಾಕೆ ಹೇಳಲಿಲ್ಲ?"

"ಒಂದು ದಿನದ ಸುಳ್ಳು ಅಂದ್ಕೊಂಡಿದ್ದೆ. ಬೆಳಿಗ್ಗೆ ನೀನು ಸ್ವಲ್ಪ ಸಮಾಧಾನ ಆದ್ಮೇಲೆ ಕೂರಿಸಿ ಹೇಳೋಣ ಅಂತ. ಬೆಳಿಗ್ಗೆ ನೀನೇ ಮದುವೆ ಬೇಡ ಅಂತ ಹೇಳಿ ಕಳಿಸಿದೆ." ಅವನು ಎಲೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. "ಆಮೇಲೆ ಹೇಳಿದ್ರೆ, ನಿನ್ನನ್ನ ವಾಪಸ್ ಪಡೆಯೋಕೆ ನಿನ್ನ ತಪ್ಪನ್ನ ನಿನ್ನ ಕೈಗಿಟ್ಟ ಹಾಗಾಗ್ತಿತ್ತು. ಅದು ನನ್ನಿಂದ ಆಗಲಿಲ್ಲ."

"ತ್ಯಾಗ."

"ತ್ಯಾಗ ಅಂತ ದೊಡ್ಡ ಮಾತು ಬೇಡ. ಕೋಪಾನೂ ಇತ್ತು." ಅವನ ದನಿ ಮೊದಲ ಸಲ ಏರಿತು. "ನಾನು ಯಾವತ್ತು ಏನನ್ನ ಅರ್ಧಕ್ಕೆ ಬಿಟ್ಟಿದ್ದೆ ಹೇಳು? ನಾನು ಅಂದ ತಕ್ಷಣ ನಂಬಿಬಿಟ್ಟೆಯಲ್ಲ. ಒಂದು ನಿಮಿಷ, ಒಂದೇ ನಿಮಿಷ, ಇವನು ಅಂಥವನಲ್ಲ ಅಂತ ಅನ್ನಿಸಲಿಲ್ವಾ ನಿನಗೆ?"

ಕಿನಂತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಈ ಮಾತನ್ನು ಹೇಳದೆ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ.

"ಅನ್ನಿಸಿದ್ರೆ ಕಷ್ಟ ಆಗ್ತಿತ್ತು ಮಸ್. ನೀವು 'ನಾನು' ಅಂದಾಗ... ನನಗೆ ಒಳಗೊಳಗೇ ಖುಷಿ ಆಯ್ತು. ಅಮ್ಮ ನರಳ್ತಿದ್ಲು, ನನಗೆ ಖುಷಿ. ಹುಟ್ಟಿದ ಮೇಲೆ ಮೊದಲ ಸಲ ತಪ್ಪು ನನ್ನದಲ್ಲ. ಅದನ್ನ ಬಿಡೋಕೆ ಮನಸ್ಸಿರಲಿಲ್ಲ. ಅದಕ್ಕೇ ಅಷ್ಟೊಂದು ಬೈದೆ."

ಜಾತ್ಮಿಕೊ ಅವಳನ್ನು ದಿಟ್ಟಿಸಿದ. ಅವಳು ಇಷ್ಟು ನಿಜ ಹೇಳಬಲ್ಲಳು ಎಂದು ಅವನೂ ಎಣಿಸಿರಲಿಲ್ಲ. ಇವಳಿಗೆ ತಡೆಯಲಾಗದು ಎಂದುಕೊಂಡ ತನ್ನ ದಡ್ಡತನಕ್ಕೆ ಅವನಿಗೆ ನಾಚಿಕೆಯಾಯಿತು.

"ಆ ಕೆಂಪು ಗೀಟು?" ಎಂದಳು.

"ಮುಂದಿನ ಸಲ ನಿನ್ನ ಕೈ ಸುಟ್ಟರೆ ಅಂತ ಭಯ."

"ನನಗೆ ಹೇಳಿದ್ದಿದ್ರೆ ಗೀಟು ಬೇಕಾಗ್ತಿರಲಿಲ್ಲ. ಗೀಟೇ ಬೇಡದ ಹಾಗೆ ನಾನೇ ಏನಾದ್ರೂ..."

ಮಾತು ಅಲ್ಲೇ ನಿಂತಿತು. ಅವಳ ಕಣ್ಣು ಮೂಲೆಗೆ ಹೋಗಿತ್ತು. ಅಲ್ಲಿ ಧೂಳು ಹಿಡಿದ ಸಿಪ್ಪೆ ಯಂತ್ರ, ಅದಕ್ಕೆ ಬಿಗಿದ ಹೊಲಿಗೆ ಯಂತ್ರದ ಕಾಲುಮೆಟ್ಟು. ಅವಳು ಹೋಗಿ ಅದರ ಮೇಲೆ ಕಾಲಿಟ್ಟಳು. ಸರಪಳಿ ಎಳೆಯಿತು. ಕಾಲು ತೆಗೆದಳು. ಸಡಿಲವಾಯಿತು. ಮತ್ತೆ ಇಟ್ಟಳು, ಮತ್ತೆ ತೆಗೆದಳು.

"ಕಾಲಿಟ್ಟಿರೋವರೆಗೆ ಮಾತ್ರ ಹಬೆ," ಎಂದಳು, ತನಗೆ ತಾನೇ ಎಂಬಂತೆ. "ಕಾಲು ತೆಗೆದ್ರೆ ಸ್ಪ್ರಿಂಗು ಎಳ್ಕೊಂಡು ವಾಲ್ವು ತಾನೇ ಮುಚ್ಕೋಬೇಕು. ಬಿಟ್ಟು ಓಡಿಹೋದ್ರೂ ಪರವಾಗಿಲ್ಲ, ಓಡಿದ್ರೇ ಮುಚ್ಚೋದು. ನೆನಪು ಅನ್ನೋದೇ ಬೇಕಾಗಿಲ್ಲ..."

ಎರಡು ವರ್ಷದಲ್ಲಿ ಅವಳಿಗೆ ಹೊಳೆದ ಮೊದಲ ಯೋಚನೆ. ಮರೆಯುವವರಿಗೆ ಮಾತ್ರ ಹೊಳೆಯಬಹುದಾದದ್ದು. ನೆನಪಿಟ್ಟುಕೊಳ್ಳುವವರು ಇನ್ನೊಂದು ಬೋರ್ಡು ಬರೆದು ಹಾಕುತ್ತಿದ್ದರು, ಅಷ್ಟೇ.

ಅವಳು ಛೆ ಎಂದು ಕಾಲು ಕೆಳಗಿಟ್ಟಳು. ಮುಖದ ಬೆಳಕು ಆರಿಹೋಯಿತು.

"ಇದು ಇಲ್ಲೇ ಇತ್ತು ಮಸ್. ಅಮ್ಮನ ಕೈ ಸುಡೋ ಮೊದಲೂ ಇಲ್ಲೇ ಇತ್ತು. ತಪ್ಪು ನನ್ನದು ಅಂತ ಗೊತ್ತಾಗಿದ್ರೆ ಆ ವಾರವೇ ಮಾಡಿರ್ತಿದ್ದೆ. ಕೈ ವಾಪಸ್ ಬರ್ತಿರಲಿಲ್ಲ, ಸರಿ. ಆದರೆ ನಾನು ನಾನಾಗಿರ್ತಿದ್ದೆ. ನನ್ನ ತಪ್ಪಿನ ಜೊತೆ ಅದನ್ನೂ ನೀವು ಕಿತ್ಕೊಂಡ್ರಿ."

ಅವನು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟ. ಕ್ಷಮಿಸು ಎಂದ. ಕೈ ಮುಗಿಯಲಿಲ್ಲ, ನೆಪ ಹೇಳಲಿಲ್ಲ. ಅವತ್ತು ನಿನ್ನನ್ನು ಕೈಲಾಗದವಳು ಎಂದು ಎಣಿಸಿದ್ದಕ್ಕೆ ಕ್ಷಮಿಸು ಎಂದು ಬಿಡಿಸಿಯೇ ಹೇಳಿದ. ಅವಳೂ ನಂಬಿಬಿಟ್ಟದ್ದಕ್ಕೆ ಕ್ಷಮೆ ಕೇಳಿದಳು. ಇಬ್ಬರೂ ಮನ್ನಿಸಿದ್ದೇನೆ ಎಂದರು. ಕಳೆದ ಎರಡು ವರ್ಷ ಇಬ್ಬರ ನಡುವೆ ಹಾಗೆಯೇ ಕೂತಿತ್ತು, ಎದ್ದು ಹೋಗಲಿಲ್ಲ.

ಆಮೇಲೆ ಅವನು ಎದ್ದ. ಎಲೆ ಮುಗಿದಿತ್ತು, ಓಣಿಯ ಕೊನೆಯ ಮನೆಯಿಂದ ತರಬೇಕು. ಒಲೆಯ ಮೇಲೆ ಕಾಳು ಉಕ್ಕಲು ಬಂದಿತ್ತು. ಅವನು ಚಪ್ಪಲಿ ಮೆಟ್ಟಿದ.

ಕಿನಂತಿ ಒಲೆಯ ಕಡೆ ನೋಡಿದಳು. ಎರಡು ವರ್ಷದಿಂದ ಯಾರೂ ಅವಳನ್ನು ಬೆಂಕಿಯ ಹತ್ತಿರ ಒಬ್ಬಳೇ ಬಿಟ್ಟಿರಲಿಲ್ಲ.

"ಕಾಳು ಯಾರು ನೋಡ್ಕೋತಾರೆ?"

"ನೀನು."

"ಮರೆತರೆ?"

"ಸೀಯುತ್ತೆ."

ಅವಳು ಬುಟ್ಟಿಯಿಂದ ಒಂದು ಹುಲ್ಲೆಳೆ ಎಳೆದಳು. ಎಷ್ಟು ಸುತ್ತಿದರೂ ಗಂಟು ಬೀಳಲಿಲ್ಲ. ಅವನು ಹಿಂದಿರುಗಿ ಬಂದು, ಅವಳ ಉಂಗುರದ ಬೆರಳು ಹಿಡಿದು, ಮೆಲ್ಲಗೆ ಗಂಟು ಹಾಕಿದ. ಬೆರಳು ಬಿಡಲು ಅವನಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ಸೀದರೆ ಅಮ್ಮ ಕೇಳ್ತಾಳೆ, ಯಾರು ಮಾಡಿದ್ದು ಅಂತ," ಎಂದಳು.

"ಈ ಸಲ ನಿನ್ನ ಹೆಸರೇ ಹೇಳ್ತೀನಿ."

"ಆಣೆಗೂ?"

"ಆಣೆಗೂ, ದಿಕ್."

ಅವನು ಎಲೆ ತರಲು ಹೋದ. ಅವಳು ಒಲೆಯ ಮುಂದೆ ಕೂತು, ಬೆರಳಿನ ಎಳೆಯನ್ನೂ ಕುದಿಯುವ ಕಾಳನ್ನೂ ನೋಡುತ್ತ ಉರಿಯನ್ನು ಸಣ್ಣಗೆ ಮಾಡಿದಳು.